84ರಲ್ಲಿ 61 ಮುಗಿದಿದೆ, ಈಗ ಚಿತ್ರಗಳಲ್ಲಿ ಜೀವ ಇಲ್ಲ. ಮಸಿಯಲ್ಲಿ ಬಿಡಿಸುವವರು ಸ್ವಲ್ಪ ನೋಡಿ ಹೇಳಿ

ಮಸಿಕೈ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆ ಓದಿದವಳಲ್ಲ. ಮೀಟಿಂಗ್‌ನಲ್ಲಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬಾಲ್ ಪೆನ್ನಿಂದ ಗೀಚುತ್ತಾ ಶುರುವಾದದ್ದು ಇದು. ಮೂರು ವರ್ಷದಿಂದ ರಾತ್ರಿ ಊಟ ಆದಮೇಲೆ ಮುಕ್ಕಾಲು ಗಂಟೆ ಕೂತು ಬಿಡಿಸುತ್ತೇನೆ. ಈಗ ಕೈಯಲ್ಲಿರುವುದು ಫೈನ್‌ಲೈನರ್, ಅಂದರೆ ಸಣ್ಣ ಗಟ್ಟಿ ತುದಿಯ ಪೆನ್ನು, ಹೆಚ್ಚಾಗಿ ಮೈಕ್ರಾನ್ ಬ್ರ್ಯಾಂಡಿನ 01.

ಹೋದ ವರ್ಷ ಒಂದು ಕೆಲಸ ಹಚ್ಚಿಕೊಂಡೆ. ಅಪ್ಪನ ಉಪಕರಣದ ಪೆಟ್ಟಿಗೆ ನಮ್ಮ ಮನೆಗೆ ಬಂತು. ಅವರ ಕೈ ನಡುಗುತ್ತದೆ, ಇನ್ನು ಬಳಸುವುದಿಲ್ಲ. ಸುತ್ತಿಗೆ, ಉಳಿ, ಅರ, ಇಕ್ಕಳ, ಉಜ್ಜುಗೊರಡು, ಹಿಡಿ ಇಲ್ಲದ ಸ್ಕ್ರೂ ಡ್ರೈವರ್, ಏನಕ್ಕೆ ಅಂತ ಅಪ್ಪನಿಗೂ ನೆನಪಿಲ್ಲದ ಒಂದು ಕೊಕ್ಕೆ. ಎಣಿಸಿದರೆ 84. ಒಂದೊಂದಕ್ಕೂ ಒಂದು ಪುಟ, ಪೆನ್ಸಿಲ್ ಇಲ್ಲ, ನೇರ ಮಸಿ. ಪುಟದಲ್ಲಿ ಹಿಡಿಸುವುದಾದರೆ ಅದರ ನಿಜವಾದ ಅಳತೆಯಲ್ಲೇ ಬಿಡಿಸಬೇಕು. ಇಷ್ಟೇ ನಿಯಮ.

61 ಆಗಿದೆ. ನಿನ್ನೆ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿದೆ. ಮೊದಲ ಇಪ್ಪತ್ತು ಸೊಟ್ಟಗಿವೆ. ಹಿಡಿ ಒಂದು ಕಡೆ, ತಲೆ ಇನ್ನೊಂದು ಕಡೆ. ಆದರೂ ನೋಡಬೇಕು ಅನ್ನಿಸುತ್ತದೆ. ಕೊನೆಯ ಇಪ್ಪತ್ತು ಎಲ್ಲಾ ಸರಿ ಇವೆ, ಅಂಗಡಿಯ ಕ್ಯಾಟಲಾಗ್ ತರ. 7ನೇದೂ ಸುತ್ತಿಗೆ, 58ನೇದೂ ಸುತ್ತಿಗೆ. 58ಕ್ಕೆ ನಾಲ್ಕು ಸಂಜೆ ಕೂತಿದ್ದೇನೆ, ಆದರೂ ಅದರಲ್ಲಿ ಭಾರವೇ ಇಲ್ಲ. ಥರ್ಮಾಕೋಲಿನಲ್ಲಿ ಮಾಡಿದ ಹಾಗಿದೆ.

ಇದರ ಮೇಲೆ ಅಪ್ಪ ಬೇರೆ. 43ನೇದು ಇಕ್ಕಳ, ನನಗೆ ಬಹಳ ಇಷ್ಟವಾದ ಚಿತ್ರ. ಅವರು ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ, ಆದರೆ ಇದು ಬಾಯಿ ತೆರೆಯಲ್ಲ" ಅಂದರು. ಎರಡು ಹಿಡಿಗಳು ಕೀಲಿನಲ್ಲಿ ಒಂದನ್ನೊಂದು ದಾಟಬೇಕು ಅಲ್ವಾ, ನಾನು ದಾಟಿಸಿಯೇ ಇರಲಿಲ್ಲ. ಬಲಗಡೆ ಹಿಡಿ ಬಲಗಡೆ ದವಡೆಗೇ ಹೋಗಿ ಸೇರಿತ್ತು. ಒತ್ತಿದರೆ ಮುರಿಯಬೇಕು, ಅಷ್ಟೇ.

ಈಗ ನನ್ನ ಪ್ರಶ್ನೆ. ಕೈ ಪಳಗಿದ ಮೇಲೆ ಚಿತ್ರ ಯಾಕೆ ಸಪ್ಪೆಯಾಗುತ್ತದೆ? ನಿಮಗೂ ಹೀಗಾಗಿದೆಯಾ?

ಅಡ್ಡಗೆರೆ

7 ಮತ್ತು 58 ಎರಡನ್ನೂ ದೊಡ್ಡದು ಮಾಡಿ ನೋಡಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ.

58ರಲ್ಲಿ ನೀವು ಸುತ್ತಿಗೆಯ ಮೇಲೆಲ್ಲಾ ಗೆರೆ ಎಳೆದಿದ್ದೀರಿ. ಬೆಳಕು ಬೀಳುವ ಕಡೆಯೂ ಅಡ್ಡಗೆರೆ, ನೆರಳಿನ ಕಡೆಯೂ ಅಡ್ಡಗೆರೆ. ದೂರದಿಂದ ನೋಡಿದರೆ ಪೂರ್ತಿ ಒಂದೇ ಬೂದು. ಮಸಿಯವನ ಹತ್ತಿರ ಇರುವುದು ಕಪ್ಪು ಮತ್ತು ಹಾಳೆಯ ಬಿಳಿ, ಎರಡೇ. ಬೂದು ಅನ್ನುವುದು ಆ ಎರಡನ್ನು ಬೆರೆಸಿ ಕಣ್ಣಿಗೆ ಮಾಡುವ ಮೋಸ. ಎಲ್ಲಾ ಕಡೆ ಒಂದೇ ಮೋಸ ಮಾಡಿದರೆ ಯಾರೂ ನಂಬುವುದಿಲ್ಲ.

7ರಲ್ಲಿ ಏನು ಮಾಡಿದ್ದೀರಿ ಗೊತ್ತಾ? ತಲೆಯ ಕೆಳಭಾಗವನ್ನು ಪೂರಾ ಕಪ್ಪು ಮಾಡಿ ಬಿಟ್ಟಿದ್ದೀರಿ. ಬಹುಶಃ ನೆರಳು ಹಾಕಲು ಬಾರದೇ ಹಾಗೆ ಮಾಡಿದ್ದು. ಭಾರ ಬಂದದ್ದು ಅಲ್ಲಿಂದಲೇ.

ಇನ್ನೊಂದು, ಗೆರೆ ಯಾವ ದಿಕ್ಕಿಗೆ ಓಡುತ್ತದೆ ನೋಡಿ. ಸುತ್ತಿಗೆಯ ಹಿಡಿ ದುಂಡಗಿದೆ, ನಿಮ್ಮ ಗೆರೆಗಳು ನೆಟ್ಟಗೆ ಅಡ್ಡಡ್ಡ ಹೋಗಿವೆ. ಹಿಡಿಗೆ ದಾರ ಸುತ್ತಿದರೆ ದಾರ ಹೇಗೆ ಬಾಗುತ್ತದೋ ಗೆರೆಯೂ ಹಾಗೆ ಬಾಗಬೇಕು. ಆಗ ಕಡಿಮೆ ಗೆರೆಯಲ್ಲೇ ದುಂಡಗೆ ಕಾಣುತ್ತದೆ. ಕ್ರಾಸ್ ಹ್ಯಾಚಿಂಗ್ (ಒಂದು ಪದರ ಗೆರೆಯ ಮೇಲೆ ಇನ್ನೊಂದು ಪದರ ದಾಟಿಸಿ ಎಳೆಯುವುದು) ಮಾಡುವಾಗ ಎರಡನೇ ಪದರವನ್ನು ಸರಿಯಾಗಿ 90 ಡಿಗ್ರಿಗೆ ಹಾಕಬೇಡಿ, ಕಿಟಕಿಯ ಜಾಲರಿ ತರ ಕಾಣುತ್ತದೆ. ಸ್ವಲ್ಪ ಓರೆ ಇರಲಿ.

ಫ್ರಾಂಕ್ಲಿನ್ ಬೂತ್ (1874–1948) ಅಂತ ಅಮೆರಿಕದ ಚಿತ್ರಕಾರ ಇದ್ದ. ಹುಡುಗನಾಗಿದ್ದಾಗ ಪತ್ರಿಕೆಗಳಲ್ಲಿ ಬರುತ್ತಿದ್ದ ಚಿತ್ರಗಳನ್ನು ನೋಡಿ ನಕಲು ಮಾಡುತ್ತಿದ್ದ. ಪೆನ್ನಿನಲ್ಲಿ ಬಿಡಿಸಿದ್ದು ಅಂದುಕೊಂಡಿದ್ದ, ಅವು ಮರದ ಅಚ್ಚಿನಲ್ಲಿ ಕೊರೆದ ಚಿತ್ರಗಳು. ಆ ತಪ್ಪು ತಿಳುವಳಿಕೆಯಿಂದಲೇ ಅವನ ಶೈಲಿ ಹುಟ್ಟಿತು. ಅವನ ಚಿತ್ರದಲ್ಲಿ ಸಾವಿರಾರು ಗೆರೆ ಇವೆ, ಆದರೂ ಎಲ್ಲಿ ಬಿಳಿ ಬಿಡಬೇಕೋ ಅಲ್ಲಿ ಬಿಟ್ಟಿದ್ದಾನೆ. ಹಾಗಾಗಿ ಗೆರೆ ಜಾಸ್ತಿಯಾದದ್ದು ನಿಮ್ಮ ತೊಂದರೆ ಅಲ್ಲ.

ಮನೆಪಾಠ: 62ನೇದನ್ನು ಶುರು ಮಾಡುವ ಮೊದಲು ಬೆಂಕಿಪೆಟ್ಟಿಗೆ ಗಾತ್ರದಲ್ಲಿ ಮೂರು ಸಲ ಬಿಡಿಸಿ. ಬಿಳಿ, ಬೂದು, ಕಪ್ಪು ಮಾತ್ರ. ಕಣ್ಣು ಕಿರಿದು ಮಾಡಿ ನೋಡಿದರೆ ವಸ್ತುವಿನಲ್ಲೂ ಅಷ್ಟೇ ಕಾಣುತ್ತದೆ.

ಹಳೇನಿಬ್ಬು

ಅಡ್ಡಗೆರೆ ಹೇಳಿದ್ದು ಸರಿ. ಆದರೆ ಪೆನ್ನಿನ ಮಾತು ಅವರು ಎತ್ತಲೇ ಇಲ್ಲ.

ಮೈಕ್ರಾನ್ 01 ಅಂದರೆ 0.25 ಮಿಲಿಮೀಟರ್ ಗೆರೆ. ನೀವು ಸಿಟ್ಟಿನಲ್ಲಿ ಎಳೆದರೂ ಅಷ್ಟೇ, ನಿದ್ದೆಗಣ್ಣಲ್ಲಿ ಎಳೆದರೂ ಅಷ್ಟೇ. ಅದು ಆ ಪೆನ್ನಿನ ಗುಣವೂ ಹೌದು, ದೋಷವೂ ಹೌದು. 61 ಚಿತ್ರ ಒಂದೇ ದಪ್ಪದ ಗೆರೆಯಲ್ಲಿ ಬಿಡಿಸಿದರೆ ಯಾರಿಗಾದರೂ ಬೇಜಾರಾಗುತ್ತದೆ. ಸುಮ್ನೆ ಹೊರಗೆರೆಗೆ ದಪ್ಪನೆಯ 05, ಒಳಗಿನ ವಿವರಕ್ಕೆ ಇನ್ನೂ ಸಣ್ಣ 005 ಹಿಡಿದುಕೊಂಡರೂ ಅರ್ಧ ಜೀವ ಬರುತ್ತದೆ.

ಇಲ್ಲಾಂದ್ರೆ ನನ್ನ ದಾರಿಗೆ ಬನ್ನಿ. ಅದ್ದಿ ಬರೆಯುವ ನಿಬ್ಬು. ಸೀಳಿರುವ ಉಕ್ಕಿನ ತುದಿ, ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪ ಆಗುತ್ತದೆ, ಬಿಟ್ಟರೆ ಕೂದಲಿನಷ್ಟು ಸಣ್ಣ. ಒಂದೇ ಎಳೆತದಲ್ಲಿ ಎರಡೂ ಸಿಗುತ್ತದೆ. ಶುರುವಿಗೆ ನಿಕ್ಕೋ ಜಿ ಅಥವಾ ಝೀಬ್ರಾ ಜಿ ಸಾಕು, ಸ್ವಲ್ಪ ಗಟ್ಟಿ, ಹೊಡೆತ ತಡೆಯುತ್ತವೆ. ಹಂಟ್ 102 ಬಹಳ ಸೂಕ್ಷ್ಮ, ಅದರ ಹತ್ತಿರ ಆಮೇಲೆ ಹೋಗಿ.

ಮೂರು ವಿಷಯ ಮರೆಯಬೇಡಿ. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ. ಅದು ಹೋಗುವ ತನಕ ಮಸಿ ನಿಬ್ಬಿಗೆ ಅಂಟದೆ ಗುಂಡಾಗಿ ಜಾರಿ ಬೀಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ. ಎರಡನೇದು, ಗೆರೆಯನ್ನು ನಿಮ್ಮ ಕಡೆಗೆ ಎಳೆಯಬೇಕು, ಮುಂದಕ್ಕೆ ತಳ್ಳಬಾರದು. ತಳ್ಳಿದರೆ ತುದಿ ಹಾಳೆಯ ನಾರಿಗೆ ಸಿಕ್ಕಿ ಚಿಮ್ಮುತ್ತದೆ, ಅಂಗಿ ಹೋಯ್ತು ಅಂತಲೇ ಲೆಕ್ಕ. ಬೇಕಾದರೆ ಹಾಳೆಯನ್ನು ತಿರುಗಿಸಿ. ಮೂರನೇದು, ಕೆಲಸ ಮುಗಿದ ತಕ್ಷಣ ನಿಬ್ಬು ಒರೆಸಿ. "ನಾಳೆ ಒರೆಸ್ತೀನಿ" ಅಂತ ಬಿಟ್ಟ ನಿಬ್ಬುಗಳು ನನ್ನ ಹತ್ತಿರ ಒಂದು ಡಬ್ಬಿ ಇವೆ.

ಖಾಲಿಹಾಳೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ, ನಾನು ಹೊಸಬ. ಇಂಡಿಯನ್ ಇಂಕ್ ತುಂಬಾ ಕಪ್ಪು, ನೀರು ಬಿದ್ದರೂ ಹರಡಲ್ಲ ಅಂತ ಕೇಳಿ ಮನೆಯಲ್ಲಿದ್ದ ಫೌಂಟನ್ ಪೆನ್ನಿಗೆ ತುಂಬಿಸಿದೆ. ಎರಡು ದಿನ ಸ್ವರ್ಗ. ಮೂರನೇ ದಿನದಿಂದ ಪೆನ್ನು ಬರೆಯುತ್ತಿಲ್ಲ. ಬಿಸಿನೀರಿನಲ್ಲಿ ಇಟ್ಟೆ, ಏನೂ ಆಗಲಿಲ್ಲ. ಅದು ಅಜ್ಜನ ಪೆನ್ನು, ಕೆಟ್ಟಿದೆ ಅಂತ ಮನೆಯಲ್ಲಿ ಯಾರಿಗೂ ಇನ್ನೂ ಹೇಳಿಲ್ಲ.

ಹಳೇನಿಬ್ಬು

ಅಯ್ಯೋ. ಇಂಡಿಯನ್ ಇಂಕ್ ಅಂದರೆ ಮಸಿಪುಡಿ, ಅದನ್ನು ಹಾಳೆಗೆ ಅಂಟಿಸಲು ಸಾಮಾನ್ಯವಾಗಿ ಅರಗಿನಿಂದ ಮಾಡಿದ ಶೆಲ್ಲಾಕ್. ಒಣಗಿದರೆ ವಾರ್ನಿಷ್ ಬಳಿದ ಹಾಗೆ. ನೀರಿಗೆ ಕರಗದಿರುವುದೇ ಅದರ ಹೆಗ್ಗಳಿಕೆ, ಮತ್ತೆ ಪೆನ್ನಿನೊಳಗೆ ಮಾತ್ರ ಹೇಗೆ ಕರಗುತ್ತದೆ? ಅದು ಅದ್ದುವ ನಿಬ್ಬಿಗೆ ಮತ್ತು ಬ್ರಷ್‌ಗೆ ಮಾತ್ರ.

ಬಿಸಿನೀರು ನಿಲ್ಲಿಸಿ, ಹಳೇ ಪೆನ್ನಿನ ಕೆಲವು ಭಾಗ ಬಿಸಿಗೆ ಬಾಗಬಹುದು. ಸ್ಪಿರಿಟ್‌ನಲ್ಲೂ ಅದ್ದಬೇಡಿ, ಪ್ಲಾಸ್ಟಿಕ್ಕಿಗೆ ಕೆಟ್ಟದ್ದು. ಪೆನ್ನು ರಿಪೇರಿ ಗೊತ್ತಿರುವವರಿಗೆ ಕೊಡಿ. ಅಜ್ಜನ ವಿಷಯ ನಿಮಗೆ ಬಿಟ್ಟದ್ದು.

ಫೌಂಟನ್ ಪೆನ್ನಿನಲ್ಲಿ ನೀರಿಗೆ ಹರಡದ ಕಪ್ಪು ಬೇಕು ಅಂದರೆ ಅದಕ್ಕೆಂದೇ ಮಾಡಿದ ಇಂಕ್ ಇವೆ. ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಅಂತಹದ್ದು, ಕಣಗಳು ಬಹಳ ಸಣ್ಣ. ಅದನ್ನೂ ವಾರಗಟ್ಟಲೆ ಒಣಗಲು ಬಿಡಬಾರದು. ಆಗಾಗ ತೊಳೆಯಬೇಕು.

ಗೀಚಪ್ಪ

ನನಗೆ ಪೆನ್ನು ಹಾಳೆಗಿಂತ ಆ ನಿಯಮದ ಮೇಲೇ ಅನುಮಾನ. "ಪೆನ್ಸಿಲ್ ಇಲ್ಲ." ಯಾಕೆ ಇಲ್ಲ? ಯಾರಿಗೆ ತೋರಿಸಲು? ಪೆನ್ಸಿಲ್‌ನಲ್ಲಿ ಕೀಲು ಎಲ್ಲಿದೆ ಅಂತ ಎರಡು ಗೆರೆ ಹಾಕಿಕೊಂಡಿದ್ದರೆ ಇಕ್ಕಳ ಬಾಯಿ ತೆರೆಯುತ್ತಿತ್ತು. ಇದು ಹೆಮ್ಮೆಯ ನಿಯಮ ಅಂತ ನನ್ನ ಅಭಿಪ್ರಾಯ.

ಅಡ್ಡಗೆರೆ

ಪೂರ್ತಿ ಒಪ್ಪಲ್ಲ ಗೀಚಪ್ಪ. ಪೆನ್ಸಿಲ್ ಹಿಡಿದಾಗ ಅರ್ಧ ಮನಸ್ಸಿನ ಗೆರೆ ಎಳೆಯುತ್ತೇವೆ, ಹೇಗೂ ಅಳಿಸಬಹುದು ಅಂತ. ಆಮೇಲೆ ಅದರ ಮೇಲೆ ಮಸಿ ಹಾಕುವಾಗ ವಸ್ತುವನ್ನು ನೋಡುವುದೇ ಇಲ್ಲ, ನಮ್ಮ ಗೆರೆಯನ್ನೇ ನಕಲು ಮಾಡುತ್ತೇವೆ. ನೇರ ಮಸಿಯಲ್ಲಿ ಪ್ರತಿ ಗೆರೆಗೂ ಮೊದಲು ತಲೆ ಎತ್ತಿ ನೋಡಬೇಕು.

ಗೀಚಪ್ಪ

ತಲೆ ಎತ್ತಿ ನೋಡಿಯೂ ಇಕ್ಕಳ ಕೆಟ್ಟಿತಲ್ಲ ಸ್ವಾಮಿ? ಕೊರಿಯಾದ ಕಿಮ್ ಜಂಗ್ ಗಿ (1975–2022) ಪೆನ್ಸಿಲ್ ಇಲ್ಲದೆ, ಜನರ ಎದುರು, ಗೋಡೆಯಷ್ಟು ದೊಡ್ಡ ಚಿತ್ರ ನೇರ ಬ್ರಷ್ ಪೆನ್ನಲ್ಲಿ ಬಿಡಿಸುತ್ತಿದ್ದರು ಅಂತ ಎಲ್ಲರೂ ಅವರನ್ನೇ ತೋರಿಸುತ್ತಾರೆ. ಅವರ ಹಿಂದೆ ದಶಕಗಳ ಅಭ್ಯಾಸ ಇತ್ತು. ಒಂದು ವಸ್ತು ಒಳಗೆ ಹೇಗೆ ಕೂಡಿಕೊಂಡಿದೆ ಅನ್ನುವುದು ತಲೆಯಲ್ಲಿ ಇತ್ತು. ನಮಗೆ ಹೊರಗಿನ ಅಂಚು ಮಾತ್ರ ಕಾಣುತ್ತದೆ, ಅದನ್ನೇ ಹಿಂಬಾಲಿಸುತ್ತೇವೆ.

ಎಡಚಿ

ಪೆನ್ಸಿಲ್ ಜಗಳದ ನಡುವೆ ಒಂದು ಮಾತು. ನಾನು ಎಡಗೈಯವಳು. ಕೈ ಹಸಿ ಗೆರೆಯ ಮೇಲೇ ಓಡುತ್ತದೆ. ಬಲದಿಂದ ಎಡಕ್ಕೆ ಬಿಡಿಸುತ್ತೇನೆ, ಕೈ ಕೆಳಗೆ ಒಂದು ತುಂಡು ಹಾಳೆ ಇಡುತ್ತೇನೆ. ಪೆನ್ಸಿಲ್ ಬಳಸುವವರು ಮಸಿ ಒಣಗಿದೆ ಅಂತ ಅನ್ನಿಸಿದ ಮೇಲೂ ಸ್ವಲ್ಪ ಕಾದು ರಬ್ಬರ್ ಹಾಕಿ. ನಾನು ಅವಸರ ಮಾಡಿ ಒಂದು ಮುಖದ ಮೂಗನ್ನೇ ಕೆನ್ನೆಗೆ ಸವರಿದ್ದೇನೆ. ಜೋರಾಗಿ ಉಜ್ಜಿದರೆ ಒಣಗಿದ ಕಪ್ಪೂ ಮಂಕಾಗುತ್ತದೆ. ಹಿಟ್ಟಿನ ಹಾಗೆ ನಾದುವ ರಬ್ಬರ್ ಇದಕ್ಕೆ ವಾಸಿ.

ಮಸಿಕೈ

ಹತ್ತು ದಿನ ಸುಮ್ಮನಿದ್ದೆ, ಕಾರಣ ಇದೆ. ನಿಬ್ಬು ತರಿಸಿದೆ.

ಮೊದಲ ಸಂಜೆ ನನ್ನ ಸ್ಕೆಚ್ ಬುಕ್ಕಿನಲ್ಲೇ ಬಿಡಿಸಿದೆ. ಪ್ರತಿ ಗೆರೆಗೂ ಕಾಲು ಬಂತು, ಜರಿಹುಳದ ತರ. ಇಷ್ಟು ದಿನ ಫೈನ್‌ಲೈನರ್‌ಗೆ ಏನೂ ಆಗಿರಲಿಲ್ಲ ಅಂತ ಹಾಳೆಯ ಕಡೆ ಗಮನವೇ ಕೊಟ್ಟಿರಲಿಲ್ಲ. ಆಮೇಲೆ ನುಣುಪಾದ ಬ್ರಿಸ್ಟಲ್ ಹಾಳೆ ತೆಗೆದುಕೊಂಡೆ. ಗೆರೆ ಹಾಳೆಯೊಳಗೆ ಇಳಿಯದೆ ಮೇಲೇ ಕೂರುತ್ತದೆ. ಅಷ್ಟರಲ್ಲಿ ಎರಡು ಸಲ ಬುಡ್ಡಿ ಉರುಳಿಸಿದೆ. ಈಗ ಬುಡ್ಡಿಯನ್ನು ಅಗಲ ಬಾಯಿಯ ಲೋಟದೊಳಗೆ ನಿಲ್ಲಿಸುತ್ತೇನೆ.

ಬೆಂಕಿಪೆಟ್ಟಿಗೆ ಚಿತ್ರಗಳನ್ನೂ ಮಾಡಿದೆ ಅಡ್ಡಗೆರೆ ಅವರೇ. ನೀವು ಹೇಳಿದ್ದು ನಿಜ, 7ರ ಕಪ್ಪು ಬರೀ ಭಯದಿಂದ ಆದದ್ದು. ಬೇರೆ ದಾರಿ ಕಾಣದೆ ಮುಚ್ಚಿಬಿಟ್ಟಿದ್ದೆ. ಈಗ ದಾರಿ ಗೊತ್ತಾಗಿ ಮುಚ್ಚಲು ಕೈ ಬರುತ್ತಿಲ್ಲ. ಒಂದು ಸಂಜೆ ಪೂರ್ತಿ ಎಳೆದ ಗೆರೆಗಳನ್ನು ಕಪ್ಪಿನಡಿ ಹೂಳುವುದು ಹೇಗೆ ಹೇಳಿ?

ಗೀಚಪ್ಪ ಅವರೇ, ಹೆಮ್ಮೆಯ ಮಾತು ಸ್ವಲ್ಪ ನಾಟಿತು. ಮೂರನೇ ದಿನ ಒಪ್ಪಿಕೊಂಡೆ.

ಚುಕ್ಕಿರಾಯ

ನಿಮ್ಮ ಹಳೇ ಉಳಿಗಳ ಮೇಲೆ ತುಕ್ಕು ಇದೆ ಅಲ್ವಾ? ಅದಕ್ಕೆ ಗೆರೆ ಬೇಡ, ಚುಕ್ಕಿ ಇಡಿ. ತುಕ್ಕಿಗೆ ದಿಕ್ಕಿಲ್ಲ, ಗೆರೆಗೆ ದಿಕ್ಕಿದೆ. ಉಕ್ಕಿನ ಹೊಳಪಿಗೆ ಉದ್ದ ಗೆರೆ, ತುಕ್ಕಿಗೆ ಚುಕ್ಕಿ, ಮರದ ಹಿಡಿಗೆ ಮರದ ನಾರಿನ ಜೊತೆ ಓಡುವ ಗೆರೆ. ಮೂರೂ ಪಕ್ಕಪಕ್ಕ ಬಂದರೆ ಯಾವುದು ಏನು ಅಂತ ಹೇಳಬೇಕಾಗಿಲ್ಲ.

ಪೆನ್ನನ್ನು ನೆಟ್ಟಗೆ ನಿಲ್ಲಿಸಿ ಚುಕ್ಕಿ ಇಡಿ, ಓರೆ ಹಿಡಿದರೆ ಚುಕ್ಕಿಗೆ ಬಾಲ ಬರುತ್ತದೆ. ಸಾಲು ಬೀಳದಂತೆ ನೋಡಿಕೊಳ್ಳಿ. ಕೈಗೆ ಸಾಲು ಕಟ್ಟುವ ಚಟ ಇದೆ. ಟಪಟಪ ಕುಟ್ಟಬೇಡಿ, ಫೈನ್‌ಲೈನರ್ ತುದಿ ಒಳಗೆ ಹೋಗಿಬಿಡುತ್ತದೆ. ನಾನು ಅಂಗೈಯಗಲದ ಕಲ್ಲೊಂದಕ್ಕೆ ಹನ್ನೊಂದು ಸಂಜೆ ಚುಕ್ಕಿ ಇಟ್ಟಿದ್ದೇನೆ. ಮನೆಯವರು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡರು.

ಬೆಳಕಿಂಡಿ

ಇಕ್ಕಳದ ಚಿತ್ರ ನನಗೆ ಹಾಗೇ ಇಷ್ಟ, ತಪ್ಪಿದ್ದರೂ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಘೇಂಡಾಮೃಗ ಬಿಡಿಸಿದ್ದು ನೆನಪಿದೆಯಾ? ಅವನು ಆ ಪ್ರಾಣಿಯನ್ನು ಕಂಡೇ ಇರಲಿಲ್ಲ. ಲಿಸ್ಬನ್‌ಗೆ ಬಂದಿಳಿದ ಪ್ರಾಣಿಯ ಬಗ್ಗೆ ಯಾರೋ ಬರೆದದ್ದು, ಒಂದು ಗೀಚು ಚಿತ್ರ, ಅಷ್ಟೇ ಅವನಿಗೆ ಸಿಕ್ಕಿದ್ದು. ಮೈಗೆ ಕಬ್ಬಿಣದ ಕವಚ ತೊಡಿಸಿದ ಹಾಗೆ ಬಿಡಿಸಿದ. ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಇಟ್ಟ. ಅಷ್ಟು ತಪ್ಪಿದ್ದರೂ ಯುರೋಪಿನ ಜನ ಬಹಳ ಕಾಲ ಘೇಂಡಾಮೃಗ ಅಂದರೆ ಅದೇ ಅಂತ ನಂಬಿದ್ದರು. ಮರದ ಅಚ್ಚಿನಲ್ಲಿ ಮುದ್ರಿಸುವ ಮೊದಲು ಅವನು ಪೆನ್ನಿನಲ್ಲಿ ಬಿಡಿಸಿದ ಚಿತ್ರ ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ತಪ್ಪು ಚಿತ್ರಕ್ಕೂ ಜೀವ ಇರುತ್ತದೆ ಅನ್ನಲು ಇನ್ನೇನು ಬೇಕು? ಅಪ್ಪನಿಗೆ ಇದನ್ನು ತೋರಿಸಿ.

ಮಸಿಕೈ

ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ, "ಆ ಮನುಷ್ಯ ನೋಡಿರಲಿಲ್ಲ. ನಿನ್ನ ಕೈಯಲ್ಲೇ ಇತ್ತು" ಅಂದರು.

ನನಗೆ ಬಾಯಿ ಬರಲಿಲ್ಲ.

ಗೀಚಪ್ಪ

ನಿಮ್ಮ ಅಪ್ಪನನ್ನೂ ಇಲ್ಲಿಗೆ ಸೇರಿಸಿ ಮಾರಾಯ್ರೇ.

ಖಾಲಿಹಾಳೆ

ಇನ್ನೊಂದು ಹೊಸಬನ ಪ್ರಶ್ನೆ. ಇಷ್ಟೆಲ್ಲಾ ಕಷ್ಟಪಟ್ಟು ಬಿಡಿಸಿದ್ದು ಎಷ್ಟು ವರ್ಷ ಉಳಿಯುತ್ತದೆ? ನನ್ನ ಹಳೇ ಜೆಲ್ ಪೆನ್ ಚಿತ್ರ ಗೋಡೆ ಮೇಲೆ ಮಾಸಿ ಹೋಗಿದೆ.

ಹಳೇನಿಬ್ಬು

ಮಸಿಪುಡಿಯ ಇಂಕ್ ಬಿಸಿಲಿಗೆ ಜಗ್ಗುವುದಿಲ್ಲ, ಇಂಗಾಲಕ್ಕೆ ಮಾಸಲು ಬಣ್ಣವೇ ಎಲ್ಲಿದೆ? ಅದರ ಮೊದಲೇ ಹಾಳೆ ಹಳದಿಯಾಗುತ್ತದೆ. ಹಾಗಾಗಿ ಆಮ್ಲ ಇಲ್ಲದ ಹಾಳೆ ನೋಡಿ ತೆಗೆದುಕೊಳ್ಳಿ. ಡೈ ಇಂಕ್, ಅಂದರೆ ಬಣ್ಣ ಕರಗಿರುವ ಇಂಕ್, ಮಾಸುತ್ತದೆ. ವ್ಯಾನ್ ಗಾಗ್ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿದ್ದಾಗ ಜೊಂಡಿನ ಲೇಖನಿ ಕೆತ್ತಿಕೊಂಡು ಬಹಳ ಚಿತ್ರ ಬಿಡಿಸಿದ. ಈಗ ಅವುಗಳಲ್ಲಿ ಕೆಲವನ್ನು ನಾವು ಕಂದು ಬಣ್ಣದಲ್ಲಿ ನೋಡುತ್ತೇವೆ. ಆತ ಬಿಡಿಸಿದಾಗ ಅವು ಅಷ್ಟು ಕಂದಾಗಿರಲಿಲ್ಲ, ಇಂಕ್ ಮಾಸಿದೆ.

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಪಟ್ಟಿಯಲ್ಲಿ ನಿಮ್ಮ ಎಲ್ಲಾ ಪೆನ್ನಿನಿಂದ ಗೆರೆ ಎಳೆಯಿರಿ, ಅರ್ಧ ಭಾಗ ದಪ್ಪ ಕಾಗದದಲ್ಲಿ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಎರಡು ಮೂರು ತಿಂಗಳು ಬಿಟ್ಟು ತೆಗೆದು ನೋಡಿ. ನನ್ನದರಲ್ಲಿ ಒಂದು ನೇರಳೆ ಗೆರೆ ಪೂರ್ತಿ ಕಾಣೆಯಾಗಿತ್ತು.

ಎಡಚಿ

ಮಸಿಕೈ, 62 ಏನಾಯ್ತು? ಎಲ್ಲರೂ ಪಾಠ ಹೇಳಿದ್ದಾಯ್ತು, ಚಿತ್ರ ಎಲ್ಲಿ?

ಮಸಿಕೈ

62ನೇದು ಕೈಯಲ್ಲಿ ತಿರುಗಿಸುವ ಡ್ರಿಲ್. ದೊಡ್ಡ ಹಲ್ಲಿನ ಚಕ್ರ, ಅದಕ್ಕೆ ಕೂಡಿಕೊಂಡ ಪುಟ್ಟ ಚಕ್ರ, ಒಂದು ಮರದ ಹಿಡಿ, ತಿರುಗಿಸಲು ಇನ್ನೊಂದು ಗುಂಡು ಹಿಡಿ. ಇದನ್ನು ನೋಡಿಯೇ ಎರಡು ತಿಂಗಳಿಂದ ಮುಂದಕ್ಕೆ ತಳ್ಳುತ್ತಿದ್ದೆ.

ಈ ಸಲ ನೇರ ಬಿಡಿಸಲು ಕೂರಲಿಲ್ಲ. ಡ್ರಿಲ್ ಅಪ್ಪನ ಕೈಗೆ ಕೊಟ್ಟು ತಿರುಗಿಸಿ ಅಂದೆ. ಕೈ ನಡುಗುತ್ತದೆ ಅಂದೆನಲ್ಲ, ಹಿಡಿ ಕೈಗೆ ಸಿಕ್ಕಿದ ಮೇಲೆ ಅಷ್ಟು ನಡುಗಲಿಲ್ಲ. ಅವರು ತಿರುಗಿಸುತ್ತಾ ಕೂತರು, ನಾನು ರದ್ದಿ ಹಾಳೆಯ ಮೇಲೆ ಗೀಚುತ್ತಾ ಹೋದೆ. ಯಾವ ಹಲ್ಲು ಯಾವುದನ್ನು ತಳ್ಳುತ್ತದೆ, ಬಲ ಎಲ್ಲಿ ಬಂದು ನಿಲ್ಲುತ್ತದೆ, ಯಾವ ಜಾಗ ಸವೆದು ಹೊಳೆಯುತ್ತದೆ. ಹೆಬ್ಬೆರಳು ಕೂರುವ ಕಡೆ ಮರ ತಗ್ಗಾಗಿದೆ. ಅದು 61 ಚಿತ್ರ ಬಿಡಿಸಿದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಹಿಂದಿನವನ್ನೆಲ್ಲಾ ತೆಗೆದು ನೋಡಿದೆ. ಎಷ್ಟೋ ಹಿಡಿಗಳಲ್ಲಿ ಅದೇ ತಗ್ಗು ಇದೆ, ನಾನು ಎಲ್ಲವನ್ನೂ ನುಣ್ಣಗೆ ದುಂಡಗೆ ಬಿಡಿಸಿದ್ದೇನೆ. ಕ್ಯಾಟಲಾಗ್ ತರ ಕಂಡದ್ದು ಅದಕ್ಕೇ ಇರಬೇಕು. ಹೊಸ ಉಪಕರಣ ಬಿಡಿಸುತ್ತಿದ್ದೆ ನಾನು.

ಆಮೇಲೆ ಬ್ರಿಸ್ಟಲ್ ಮೇಲೆ ಪೆನ್ಸಿಲ್‌ನಲ್ಲಿ ಮೂರು ಗೆರೆ ಹಾಕಿಕೊಂಡೆ. ಚಕ್ರದ ನಡು, ಡ್ರಿಲ್ಲಿನ ನಡುಗೆರೆ, ಹಿಡಿಯ ಓರೆ. ಗೀಚಪ್ಪ ಅವರೇ, ಮೂರೇ ಮೂರು, ಜಾಸ್ತಿ ಖುಷಿ ಪಡಬೇಡಿ. ಉಳಿದದ್ದು ನೇರ ನಿಬ್ಬು. ದೊಡ್ಡ ಚಕ್ರದ ಹಿಂಬದಿ ಪೂರ್ತಿ ಕಪ್ಪು. ಬ್ರಷ್ ಹಿಡಿದು ಐದು ನಿಮಿಷ ಹಾಗೇ ಕೂತಿದ್ದೆ, ಆಮೇಲೆ ಕಣ್ಣು ಮುಚ್ಚಿ ಅಂತಲೇ ಹೇಳಬಹುದು, ಬಳಿದೆ. ಬಳಿದ ತಕ್ಷಣ ಚಕ್ರ ಹಾಳೆ ಬಿಟ್ಟು ಮುಂದೆ ಬಂತು. ತಗ್ಗಿನ ಜಾಗದಲ್ಲಿ ಏನೂ ಎಳೆಯಲಿಲ್ಲ, ಬರೀ ಹಾಳೆಯ ಬಿಳಿ.

ಒಂದು ಹನಿ ಬಲಗಡೆ ಖಾಲಿ ಜಾಗದಲ್ಲಿ ಬಿತ್ತು. ಬಿಳಿ ಗೋಷ್ (ಕೆಳಗಿನದನ್ನು ಮುಚ್ಚುವ ದಪ್ಪ ಬಣ್ಣ) ಹಚ್ಚಿ ಮುಚ್ಚೋಣ ಅಂತ ಹೊರಟಿದ್ದೆ, ಎಣ್ಣೆ ಕಲೆ ಅಂದುಕೊಳ್ಳಲಿ ಅಂತ ಬಿಟ್ಟೆ.

ಅಡ್ಡಗೆರೆ

ಈಗ ಭಾರ ಇದೆ. ಚಕ್ರದ ಹಲ್ಲು ಎಣಿಸಿ ಬಿಡಿಸಿದ್ದಾ?

ಮಸಿಕೈ

ಇಲ್ಲ. ನಾಳೆ ಅಪ್ಪ ಬರುತ್ತಾರೆ, ಅವರು ಎಣಿಸುತ್ತಾರೆ.